ಖಾಲಿ ಕುರ್ಚಿ ಹೇಳುವ ಅಳತೆ

ಇಂಗ್ಲೆಂಡಿನ ಫುಟ್‌ಬಾಲನ್ನು ಹೊಸದಾಗಿ ನೋಡತೊಡಗಿದವರ ಕಿವಿಗೆ ಆಟಕ್ಕಿಂತ ಮೊದಲು ಎರಡು ಮಾತು ಬೀಳುತ್ತವೆ. ಯಾವ ಕ್ಲಬ್ ದೊಡ್ಡದು ಎಂಬ ಮುಗಿಯದ ಜಗಳ ಒಂದು. ಯಾವ ಮ್ಯಾನೇಜರ್ ಕೆಲಸ ಕಳೆದುಕೊಳ್ಳುತ್ತಾರೆ, ಆ ಜಾಗಕ್ಕೆ ಯಾರು ಬರುತ್ತಾರೆ ಎಂಬ ಊಹಾಪೋಹ ಇನ್ನೊಂದು. ಹಳಬರಲ್ಲೂ ಅನೇಕರು ಇವೆರಡನ್ನೂ ಕಾಡುಹರಟೆ ಎಂದು ತಳ್ಳಿಹಾಕಿ, ಮೈದಾನದ ಮೇಲೆ ಮಾತ್ರ ಕಣ್ಣಿಡಿ ಎಂದು ಹೊಸಬರಿಗೆ ಬುದ್ಧಿ ಹೇಳುತ್ತಾರೆ. ಆ ಸಲಹೆ ಪೂರ್ತಿ ಸರಿಯಲ್ಲ. ಈ ಎರಡು ಮಾತುಗಳು ಬೇರೆಬೇರೆಯಲ್ಲ, ಒಂದೇ ವಿಷಯದ ಎರಡು ತುದಿಗಳು. ಒಂದು ಕ್ಲಬ್ಬಿನಿಂದ ಅದರ ಜನ ಏನನ್ನು ನಿರೀಕ್ಷಿಸುತ್ತಾರೆ, ಸೋಲು ಬಂದ ಮೇಲೂ ಆ ನಿರೀಕ್ಷೆ ಎಷ್ಟು ಕಾಲ ಬಾಳುತ್ತದೆ ಎಂಬುದೇ ಅದರ ದೊಡ್ಡತನ. ನಿರೀಕ್ಷೆ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ವಸ್ತುವಲ್ಲ. ಮ್ಯಾನೇಜರ್ ಕುರ್ಚಿ ಖಾಲಿಯಾದ ಕೆಲವು ವಾರಗಳಲ್ಲಿ ಮಾತ್ರ ಅದು ಬಯಲಿಗೆ ಬರುತ್ತದೆ: ಯಾರು ಬರಲು ಸಿದ್ಧರಿದ್ದಾರೆ, ಬರುವುದಕ್ಕಾಗಿ ಏನನ್ನು ಬಿಟ್ಟುಬರುತ್ತಾರೆ, ಬರುವುದಿಲ್ಲ ಎನ್ನುವವರು ಹೇಗೆ ಹಾಗೆನ್ನುತ್ತಾರೆ ಎಂಬುದರಲ್ಲಿ.

ಇದಕ್ಕೆ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ ನೂರು ವರ್ಷ ಹಳೆಯದು. 1925ರಲ್ಲಿ ಹರ್ಬರ್ಟ್ ಚಾಪ್‌ಮನ್ ಹಡರ್ಸ್‌ಫೀಲ್ಡ್ ಟೌನ್ ತಂಡದ ಮ್ಯಾನೇಜರ್. 1922ರಲ್ಲಿ ಎಫ್‌ಎ ಕಪ್ಪು, 1924 ಮತ್ತು 1925ರಲ್ಲಿ ಸತತ ಎರಡು ಲೀಗ್ ಕಿರೀಟ ಅವರ ಕೈಯಲ್ಲಿದ್ದವು. ಇಂಗ್ಲೆಂಡಿನಲ್ಲಿ ಆಗ ಅದಕ್ಕಿಂತ ಒಳ್ಳೆಯ ತಂಡ ಇರಲಿಲ್ಲ. ಆರ್ಸೆನಲ್ ಅದೇ ಋತುವಿನಲ್ಲಿ 22 ತಂಡಗಳ ಪಟ್ಟಿಯಲ್ಲಿ 20ನೆಯದಾಗಿ ಉಳಿದು, ಕೆಳದರ್ಜೆಗೆ ಇಳಿಯದೆ ಹೇಗೋ ಬಚಾವಾಗಿತ್ತು. ಅದರ ಕಪಾಟಿನಲ್ಲಿ ದೊಡ್ಡ ಟ್ರೋಫಿ ಒಂದೂ ಇರಲಿಲ್ಲ. ಟ್ರೋಫಿಗಳೇ ದೊಡ್ಡತನದ ಅಳತೆಯಾಗಿದ್ದರೆ ಚಾಪ್‌ಮನ್ ಆರ್ಸೆನಲ್‌ನ ಮ್ಯಾನೇಜರ್ ಕೆಲಸದ ಕಡೆ ತಿರುಗಿಯೂ ನೋಡಬಾರದಿತ್ತು. ಅವರು ಹಡರ್ಸ್‌ಫೀಲ್ಡನ್ನು ಬಿಟ್ಟು ಆರ್ಸೆನಲ್‌ಗೆ ಹೋದರು. ಸಂಬಳ ಒಂದು ಕಾರಣವಾಗಿತ್ತು, ನಿಜ. ಆದರೆ ಚಾಪ್‌ಮನ್ ಕಂಡದ್ದು ಊರನ್ನು. ಹಡರ್ಸ್‌ಫೀಲ್ಡ್ ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳ ಪಟ್ಟಣ, ರಗ್ಬಿ ಲೀಗ್ ಹುಟ್ಟಿದ ಜಾಗ. ಅಲ್ಲಿ ಫುಟ್‌ಬಾಲಿಗೆ ಬರುವ ಜನಕ್ಕೆ ಒಂದು ಮಿತಿಯಿತ್ತು. ಆರ್ಸೆನಲ್ 1913ರಲ್ಲಿ ಥೇಮ್ಸ್ ನದಿಯ ದಕ್ಷಿಣದಿಂದ ಉತ್ತರ ಲಂಡನ್ನಿನ ಹೈಬರಿಗೆ ಬಂದು ನೆಲೆಸಿತ್ತು, ಕ್ರೀಡಾಂಗಣದ ಪಕ್ಕದಲ್ಲೇ ಸುರಂಗ ರೈಲಿನ ನಿಲ್ದಾಣ, ಸುತ್ತ ಲಕ್ಷಾಂತರ ಜನ. ಗೆಲುವೊಂದು ಬಂದರೆ ಸಾಕು, ಅಷ್ಟೂ ಜನ ಒಳಗೆ ಬರುವ ಹಾಗಿತ್ತು. 1930ರ ಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್ ತನ್ನ ಮೊದಲ ದೊಡ್ಡ ಟ್ರೋಫಿಯನ್ನು ಗೆದ್ದಾಗ ಎದುರಾಳಿ ಬೇರಾರೂ ಅಲ್ಲ, ಹಡರ್ಸ್‌ಫೀಲ್ಡ್. 1931 ಮತ್ತು 1933ರಲ್ಲಿ ಲೀಗ್ ಕಿರೀಟ ಬಂತು. 1932ರಲ್ಲಿ ಆ ರೈಲು ನಿಲ್ದಾಣಕ್ಕೆ ಕ್ಲಬ್ಬಿನದೇ ಹೆಸರು ಬಿತ್ತು. ಚಾಪ್‌ಮನ್ ಇಲ್ಲದೆಯೂ 1926ರಲ್ಲಿ ಮೂರನೆಯ ಸತತ ಕಿರೀಟ ಗೆದ್ದ ಹಡರ್ಸ್‌ಫೀಲ್ಡ್ ಆಮೇಲೆ ಇಂದಿನವರೆಗೂ ಲೀಗ್ ಗೆದ್ದಿಲ್ಲ. 1975ರಲ್ಲಿ ಅದು ನಾಲ್ಕನೆಯ ದರ್ಜೆಗೂ ಇಳಿಯಿತು. ಅಂಕಪಟ್ಟಿ ಹೇಳದ ಸಂಗತಿಯನ್ನು ಒಬ್ಬ ಮ್ಯಾನೇಜರ್ ಕೆಲಸ ಬದಲಿಸಿದ ರೀತಿಯೇ ಐದಾರು ವರ್ಷ ಮುಂಚೆ ಹೇಳಿಬಿಟ್ಟಿತ್ತು.

ಈ ಅಳತೆಗೋಲು ಹಿಡಿದು ಉಳಿದ ಕ್ಲಬ್ಬುಗಳನ್ನು ನೋಡಿ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದಿದೆ, ತನ್ನ ದೇಶದ ಲೀಗನ್ನು ಗೆದ್ದದ್ದು 1978ರಲ್ಲಿ ಒಂದೇ ಬಾರಿ. ಯುರೋಪಿಯನ್ ಕಪ್ಪುಗಳ ಲೆಕ್ಕದಲ್ಲಿ ಆರ್ಸೆನಲ್‌ಗಿಂತ, ಟಾಟೆನ್‌ಹ್ಯಾಮ್‌ಗಿಂತ ಅದು ಮುಂದಿದೆ. ಆದರೂ ಆ ವೈಭವವೆಲ್ಲ ಬ್ರಯಾನ್ ಕ್ಲಫ್ ಎಂಬ ಒಬ್ಬ ಮನುಷ್ಯನ ಸುತ್ತ ಕಟ್ಟಿಕೊಂಡದ್ದು. 1993ರಲ್ಲಿ ಅವರು ನಿವೃತ್ತರಾದ ಋತುವಿನಲ್ಲೇ ತಂಡ ಕೆಳದರ್ಜೆಗೆ ಬಿತ್ತು, 2005ರಲ್ಲಿ ಮೂರನೆಯ ದರ್ಜೆಗೂ ಹೋಯಿತು. ಫಾರೆಸ್ಟ್ ಗೌರವಕ್ಕೆ ಅರ್ಹವಾದ ಕ್ಲಬ್. ಆದರೆ ಅದರ ಕುರ್ಚಿ ಖಾಲಿಯಾದಾಗ ಯುರೋಪಿನ ಮೊದಲ ಸಾಲಿನ ಮ್ಯಾನೇಜರುಗಳ ಹೆಸರು ಕೇಳಿಬರುವುದು ಅಪರೂಪ ಎಂಬುದೂ ಅಷ್ಟೇ ನಿಜ. ಇದಕ್ಕೆ ತದ್ವಿರುದ್ಧ ನ್ಯೂಕ್ಯಾಸಲ್ ಯುನೈಟೆಡ್. 1955ರ ಎಫ್‌ಎ ಕಪ್ ಆದ ಮೇಲೆ 2025ರ ಲೀಗ್ ಕಪ್‌ವರೆಗೆ, ಅಂದರೆ ಎಪ್ಪತ್ತು ವರ್ಷ, ಇಂಗ್ಲೆಂಡಿನೊಳಗೆ ಅದಕ್ಕೆ ಒಂದು ದೊಡ್ಡ ಕಪ್ಪೂ ದಕ್ಕಲಿಲ್ಲ. 2016ರಲ್ಲಿ ಆ ತಂಡ ಎರಡನೆಯ ದರ್ಜೆಗೆ ಬಿದ್ದಾಗ ಮ್ಯಾನೇಜರ್ ಆಗಿದ್ದವರು ರಾಫಾ ಬೆನಿಟೆಜ್. 2005ರಲ್ಲಿ ಲಿವರ್‌ಪೂಲ್‌ಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟವರು, 2016ರ ಜನವರಿಯವರೆಗೆ ರಿಯಲ್ ಮ್ಯಾಡ್ರಿಡ್ ತಂಡವನ್ನು ನಡೆಸಿದವರು. ಅವರು ಹೊರಟುಹೋಗುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬೆನಿಟೆಜ್ ಉಳಿದರು. ಎರಡನೆಯ ದರ್ಜೆಯ ಆ ಋತುವಿನಲ್ಲಿ ತವರು ಪಂದ್ಯಗಳಿಗೆ ಬಂದ ಪ್ರೇಕ್ಷಕರ ಸರಾಸರಿ 50,000 ದಾಟಿತ್ತು. ಸೋತ ತಂಡವನ್ನು ನೋಡಲು ಅಷ್ಟು ಜನ ಬರುತ್ತಾರೆ ಎಂದರೆ, ಬಿದ್ದ ಜಾಗ ತಮ್ಮದಲ್ಲ ಎಂದು ಅವರು ನಂಬಿದ್ದಾರೆ ಎಂದೇ ಅರ್ಥ. ಪಕ್ಕದ ಸಂಡರ್ಲೆಂಡ್ ಮೂರನೆಯ ದರ್ಜೆಯಲ್ಲಿ ಆಡುತ್ತಿದ್ದಾಗ, 2018ರ ಡಿಸೆಂಬರ್ 26ರಂದು, ಬ್ರಾಡ್‌ಫರ್ಡ್ ಸಿಟಿ ವಿರುದ್ಧದ ಒಂದು ಮಾಮೂಲಿ ಪಂದ್ಯಕ್ಕೆ ಬಂದವರು 46,039 ಮಂದಿ. ಪಟ್ಟಿಯಲ್ಲಿ ಕೆಳಗಿರುವುದು ಬೇರೆ, ಚಿಕ್ಕದಾಗುವುದು ಬೇರೆ ಎನ್ನುವುದಕ್ಕೆ ಇಂಥ ಅಂಕಿಗಳೇ ಸಾಕ್ಷಿ.

ಹಾಗೆಂದು ನಿರೀಕ್ಷೆ ಒಮ್ಮೆ ಹುಟ್ಟಿದರೆ ಸಾಯುವುದೇ ಇಲ್ಲ ಎಂದಲ್ಲ. ಅದು ನಿಧಾನವಾಗಿ ಸೋರುತ್ತದೆ. ಎವರ್ಟನ್ ಒಂಬತ್ತು ಬಾರಿ ಲೀಗ್ ಗೆದ್ದ ಕ್ಲಬ್, ಕೊನೆಯದು 1987ರಲ್ಲಿ. ಡೇವಿಡ್ ಮೋಯ್ಸ್ ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಒಂದೂ ಟ್ರೋಫಿ ತರಲಿಲ್ಲ. 2012ರಲ್ಲಿ ಏಳನೆಯ ಸ್ಥಾನ, 2013ರಲ್ಲಿ ಆರನೆಯ ಸ್ಥಾನ. ಅಷ್ಟಕ್ಕೇ ಅವರಿಗೆ ಸಮರ್ಥ ಮ್ಯಾನೇಜರ್ ಎಂಬ ಹೆಸರು ಬಂತು, ಅಲೆಕ್ಸ್ ಫರ್ಗುಸನ್ ತೆರವು ಮಾಡಿದ ಮ್ಯಾಂಚೆಸ್ಟರ್ ಯುನೈಟೆಡ್ ಕುರ್ಚಿಗೆ ಆಹ್ವಾನವೂ ಬಂತು. ಆರು ವರ್ಷಗಳ ಒಪ್ಪಂದ ಮಾಡಿಕೊಂಡು ಹೋದ ಅವರನ್ನು 2014ರ ಏಪ್ರಿಲ್‌ನಲ್ಲಿ, ಹತ್ತು ತಿಂಗಳೊಳಗೆ, ಮನೆಗೆ ಕಳಿಸಲಾಯಿತು. ಆಗ ಯುನೈಟೆಡ್ ಇದ್ದದ್ದು ಏಳನೆಯ ಸ್ಥಾನದಲ್ಲಿ. ಅದೇ ಮನುಷ್ಯ, ಅದೇ ಏಳನೆಯ ಸ್ಥಾನ. ಒಂದು ಕಡೆ ಶಹಭಾಸ್‌ಗಿರಿ, ಇನ್ನೊಂದು ಕಡೆ ವಜಾ. ಎರಡು ಕ್ಲಬ್ಬುಗಳ ಗಾತ್ರದ ನಡುವಿನ ಅಂತರವನ್ನು ಇದಕ್ಕಿಂತ ನಿಖರವಾಗಿ ತೋರಿಸುವ ಪುರಾವೆ ಸಿಗುವುದು ಕಷ್ಟ.

ಇನ್ನು ಊಹಾಪೋಹವನ್ನು ಓದುವ ಬಗೆ. ನಮ್ಮಲ್ಲಿ ಮುಖ್ಯಮಂತ್ರಿ ಬದಲಾಗುತ್ತಾರೆ ಎಂಬ ಸುದ್ದಿ ಎದ್ದಾಗ, ಯಾರ ಹೆಸರು ತೇಲಿಬಂತು ಎನ್ನುವುದಕ್ಕಿಂತ ಅದನ್ನು ತೇಲಿಬಿಟ್ಟವರು ಯಾರು ಎಂದು ಅನುಭವಿ ಓದುಗರು ಕೇಳಿಕೊಳ್ಳುತ್ತಾರೆ. ಇಲ್ಲೂ ಅದೇ ಕ್ರಮ. ಕ್ಲಬ್ಬಿನ ಆಡಳಿತ ಮಂಡಳಿ, ಮ್ಯಾನೇಜರುಗಳ ಏಜೆಂಟರು, ಬೆಟ್ಟಿಂಗ್ ಕಂಪನಿಗಳು, ಪತ್ರಕರ್ತರು, ಪ್ರತಿಯೊಬ್ಬರಿಗೂ ತಮ್ಮದೇ ಆದ ಲಾಭವಿದೆ. ಏಜೆಂಟರು ಹೆಸರು ಹರಿಯಬಿಡುವುದು ಎಷ್ಟೋ ಸಲ ಆ ಕೆಲಸಕ್ಕಾಗಿ ಅಲ್ಲ, ಈಗಿರುವ ಕ್ಲಬ್ಬಿನಲ್ಲಿ ಸಂಬಳ ಏರಿಸಿಕೊಳ್ಳಲು. ಬೆಟ್ಟಿಂಗ್ ದರ ಕುಸಿದರೆ ಒಳಗಿನವರಿಗೆ ಏನೋ ಗೊತ್ತಾಗಿದೆ ಎಂದು ಹೊಸಬರು ನಂಬಿಬಿಡುತ್ತಾರೆ. ಮುಂದಿನ ಮ್ಯಾನೇಜರ್ ಯಾರು ಎಂಬ ಬಾಜಿಯಲ್ಲಿ ಓಡಾಡುವ ಹಣ ಪಂದ್ಯಗಳ ಬಾಜಿಗೆ ಹೋಲಿಸಿದರೆ ತೀರಾ ಕಡಿಮೆ, ಹಾಗಾಗಿ ಸಣ್ಣ ಮೊತ್ತವೇ ದರವನ್ನು ಅಲುಗಾಡಿಸಬಲ್ಲದು. ಅಲುಗಿದ ದರ ಸುದ್ದಿಯಾಗುತ್ತದೆ, ಆ ಸುದ್ದಿ ನೋಡಿ ಇನ್ನಷ್ಟು ಜನ ಹಣ ಹಾಕುತ್ತಾರೆ. ಈ ಸುತ್ತನ್ನು ಸಾಕ್ಷ್ಯ ಎಂದುಕೊಳ್ಳಬೇಡಿ. ಆಡಳಿತ ಮಂಡಳಿಯ ಬೆಂಬಲದ ಹೇಳಿಕೆಯನ್ನೂ ಹಾಗೆಯೇ ಎಚ್ಚರದಿಂದ ಓದಬೇಕು. ಲೆಸ್ಟರ್ ಸಿಟಿಗೆ 2016ರಲ್ಲಿ ಯಾರೂ ಕನಸಿನಲ್ಲೂ ಎಣಿಸದ ಲೀಗ್ ಕಿರೀಟ ತಂದುಕೊಟ್ಟ ಕ್ಲಾಡಿಯೊ ರಾನಿಯೇರಿಗೆ ಕ್ಲಬ್ 2017ರ ಫೆಬ್ರವರಿ 7ರಂದು ಪೂರ್ಣ ಬೆಂಬಲ ಸಾರಿತು, ಫೆಬ್ರವರಿ 23ರಂದು ಅವರನ್ನು ತೆಗೆಯಿತು. ಕುರ್ಚಿ ಗಟ್ಟಿಯಾಗಿದ್ದರೆ ಬೆಂಬಲ ಸಾರುವ ಅಗತ್ಯವೇ ಬರುವುದಿಲ್ಲ.

ಊಹಾಪೋಹದ ಪೂರ್ಣ ರುಚಿ ಸಿಕ್ಕಿದ್ದು 2024ರ ವಸಂತದಲ್ಲಿ. ಜನವರಿ 26ರಂದು ಯುರ್ಗನ್ ಕ್ಲಾಪ್ ಲಿವರ್‌ಪೂಲ್ ಬಿಡುವುದಾಗಿ ಪ್ರಕಟಿಸಿದರು. ಫೆಬ್ರವರಿಯಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್, ಋತು ಮುಗಿದ ಮೇಲೆ ಥಾಮಸ್ ಟೂಷೆಲ್ ಜೊತೆ ಬೇರ್ಪಡುವುದಾಗಿ ತಿಳಿಸಿತು. ಎರಡು ದೊಡ್ಡ ಕುರ್ಚಿಗಳು ಒಟ್ಟಿಗೆ ಖಾಲಿ. ಎರಡಕ್ಕೂ ತೇಲಿಬಂದ ಮೊದಲ ಹೆಸರು ಷಾಬಿ ಅಲೋನ್ಸೊ. ಎರಡೂ ಕ್ಲಬ್ಬುಗಳಿಗೆ ಆಡಿದ್ದವರು, ಬಾಯರ್ ಲೆವರ್ಕುಸೆನ್ ತಂಡವನ್ನು ಒಂದೂ ಪಂದ್ಯ ಸೋಲದೆ ಜರ್ಮನ್ ಚಾಂಪಿಯನ್ ಪಟ್ಟದ ಕಡೆ ಒಯ್ಯುತ್ತಿದ್ದವರು. ಮಾರ್ಚ್ ಕೊನೆಯಲ್ಲಿ ಅವರು ಲೆವರ್ಕುಸೆನ್‌ನಲ್ಲೇ ಉಳಿಯುವುದಾಗಿ ಹೇಳಿದರು. ಬಯರ್ನ್ ಮುಂದೆ ಯೂಲಿಯಾನ್ ನಾಗೆಲ್ಸ್‌ಮನ್ ಕಡೆ ನೋಡಿತು. ಅವರು ಜರ್ಮನಿಯ ರಾಷ್ಟ್ರೀಯ ತಂಡದ ಒಪ್ಪಂದವನ್ನು ಮುಂದುವರಿಸಿದರು. ರಾಲ್ಫ್ ರಾಂಗ್ನಿಕ್ ಆಸ್ಟ್ರಿಯಾ ತಂಡ ಬಿಡಲು ಒಪ್ಪಲಿಲ್ಲ. ಕಡೆಗೆ ಕುರ್ಚಿ ಸಿಕ್ಕಿದ್ದು ವಿನ್ಸೆಂಟ್ ಕೊಂಪನಿಗೆ, ಅದೇ ತಿಂಗಳು ಅವರ ಬರ್ನ್‌ಲಿ ತಂಡ ಇಂಗ್ಲೆಂಡಿನಲ್ಲಿ ಕೆಳದರ್ಜೆಗೆ ಇಳಿದಿತ್ತು. ಲಿವರ್‌ಪೂಲ್ ನೆದರ್ಲೆಂಡ್ಸಿನ ಫೆಯನೂರ್ಡ್‌ನಿಂದ ಆರ್ನೆ ಸ್ಲಾಟ್ ಅವರನ್ನು ಕರೆತಂದಿತು. ಮುಂದಿನ ಋತುವಿನಲ್ಲಿ ಕೊಂಪನಿ ಜರ್ಮನಿಯಲ್ಲಿ, ಸ್ಲಾಟ್ ಇಂಗ್ಲೆಂಡಿನಲ್ಲಿ, ಇಬ್ಬರೂ ಲೀಗ್ ಗೆದ್ದರು.

ನನ್ನ ವಾದದ ಮೇಲೆ ಮೊದಲ ಆಕ್ಷೇಪ ಎದ್ದೇಳುವುದು ಇಲ್ಲೇ. ಖಾಲಿ ಕುರ್ಚಿ ದೊಡ್ಡತನವನ್ನು ಅಳೆಯುವುದಾದರೆ, ಇಷ್ಟು ಮಂದಿ ಬೇಡವೆಂದ ಬಯರ್ನ್ ಚಿಕ್ಕ ಕ್ಲಬ್ಬೇ, ಲೆವರ್ಕುಸೆನ್ ದೊಡ್ಡದೇ? ಅಲ್ಲ. ಒಬ್ಬರ ನಿರಾಕರಣೆಯಲ್ಲಿ ಸಮಯ, ಸಂಸಾರ, ಅರ್ಧಕ್ಕೆ ನಿಂತ ಕೆಲಸ ಎಲ್ಲ ಇರುತ್ತವೆ. ಗಮನಿಸಬೇಕಾದದ್ದು ನಿರಾಕರಣೆಗೆ ಬಂದ ತೂಕವನ್ನು. ರಾಷ್ಟ್ರೀಯ ತಂಡಗಳನ್ನು ನಡೆಸುತ್ತಿದ್ದ ಇಬ್ಬರು ತಾವು ಇದ್ದಲ್ಲೇ ಇರುತ್ತೇವೆ ಎಂದು ಬಹಿರಂಗವಾಗಿ ಹೇಳಬೇಕಾಯಿತು, ಅದು ಇಡೀ ಯುರೋಪಿಗೆ ಸುದ್ದಿಯಾಯಿತು. ಸಣ್ಣ ಕ್ಲಬ್ಬಿನ ಕರೆಗೆ ಒಲ್ಲೆ ಎಂದವರ ಹೆಸರೂ ಹೊರಗೆ ಬರುವುದಿಲ್ಲ. ಟೂಷೆಲ್ ಹೊರಟ ಬಗೆಯನ್ನೂ ನೋಡಿ: ಬೇರ್ಪಡುವ ತೀರ್ಮಾನ ಫೆಬ್ರವರಿಯಲ್ಲೇ ಬಂದಿತ್ತು, ಆಮೇಲೆ ಬಯರ್ನ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿದರೂ ಅವರು ಉಳಿಯಲಿಲ್ಲ. ಕಪ್ಪಿಲ್ಲದ ವರ್ಷ ಅಲ್ಲಿ ಸಹಿಸಲಾಗದ ವರ್ಷ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಇವತ್ತು ದೊಡ್ಡತನವನ್ನು ದುಡ್ಡು ಕೊಟ್ಟು ಕೊಳ್ಳಬಹುದು, 2008ರ ನಂತರದ ಮ್ಯಾಂಚೆಸ್ಟರ್ ಸಿಟಿಯೇ ಉದಾಹರಣೆ. ಅಬುಧಾಬಿಯ ಹಣವಿಲ್ಲದೆ ಪೆಪ್ ಗ್ವಾರ್ಡಿಯೋಲಾರಂಥ ಮ್ಯಾನೇಜರ್ 2016ರಲ್ಲಿ ಅಲ್ಲಿಗೆ ಬರುತ್ತಿರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಆ ಹಣ ಬರುವ ಹತ್ತು ವರ್ಷ ಮುಂಚೆ, 1998-99ರಲ್ಲಿ, ಸಿಟಿ ಮೂರನೆಯ ದರ್ಜೆಯಲ್ಲಿದ್ದಾಗಲೂ ಸರಾಸರಿ 28,000 ಜನ ಮೈದಾನಕ್ಕೆ ಬರುತ್ತಿದ್ದರು. ಹಣ ಖಾಲಿ ಜಾಗಕ್ಕೆ ಬಂದು ಬೀಳಲಿಲ್ಲ. ಇದರ ಪಕ್ಕದಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಇಟ್ಟು ನೋಡಿ. ಉಕ್ಕಿನ ಉದ್ಯಮಿ ಜಾಕ್ ವಾಕರ್ ತಮ್ಮ ಊರಿನ ಕ್ಲಬ್ಬಿಗೆ ಹಣ ಸುರಿದರು, ಕೆನ್ನಿ ಡಾಲ್‌ಗ್ಲಿಶ್‌ರಂಥ ಮ್ಯಾನೇಜರನ್ನು ಎರಡನೆಯ ದರ್ಜೆಗೆ ಕರೆತಂದರು, 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ನಾಲ್ಕೇ ವರ್ಷದಲ್ಲಿ ತಂಡ ಕೆಳದರ್ಜೆಗೆ ಬಿತ್ತು, 2017ರಲ್ಲಿ ಮೂರನೆಯ ದರ್ಜೆಗೂ ಇಳಿಯಿತು. ವಾಕರ್ ಅವರ ಪ್ರೀತಿ ಪ್ರಾಮಾಣಿಕವಾದದ್ದು, ಆ ಕಿರೀಟ ಆ ಊರಿನದೇ. ಹಣ ಕುರ್ಚಿಗೆ ದೊಡ್ಡವರನ್ನು ಕರೆತರುತ್ತದೆ. ಅವರು ಹೋದ ಮೇಲೂ ದೊಡ್ಡವರೇ ಬರಬೇಕು ಎಂಬ ಹಟವನ್ನು ಜನರಲ್ಲಿ ಹುಟ್ಟಿಸಲು ತಲೆಮಾರುಗಳೇ ಬೇಕು.

ನಮ್ಮ ದೇಶದಲ್ಲೂ ಇದೇ ಕಾಣುತ್ತದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ, ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, ಅದು ನಿಜಕ್ಕೂ ದೊಡ್ಡ ಸಾಧನೆ. ಕೋಲ್ಕತ್ತದ ಹಳೆಯ ಕ್ಲಬ್ ಈಸ್ಟ್ ಬೆಂಗಾಲ್ ಐ-ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ. ಆದರೂ ಈಸ್ಟ್ ಬೆಂಗಾಲ್ ಕೋಚ್ ಕೆಲಸ ಹೋದರೆ ಕೋಲ್ಕತ್ತದ ಬೀದಿಗಳಲ್ಲಿ ಅದೇ ಮಾತು. ಬೆಂಗಳೂರಿಗೆ ಆ ಭಾಗ್ಯ ಬರಬೇಕಾದರೆ ಸೋತ ವರ್ಷಗಳಲ್ಲೂ ಕಂಠೀರವ ಕ್ರೀಡಾಂಗಣ ತುಂಬಬೇಕು.

ಮ್ಯಾನೇಜರುಗಳೂ ಮನುಷ್ಯರು, ಅವರ ಅನ್ನದ ಜೊತೆ ಆಡುವ ಈ ಹವ್ಯಾಸ ಕ್ರೂರವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ವಜಾ ಮಾಡಿ ಎಂದು ಕೂಗುವುದಕ್ಕೂ, ಕುರ್ಚಿ ಖಾಲಿಯಾದ ಮೇಲೆ ಅದರ ಸುತ್ತಲಿನ ಮಾತನ್ನು ಓದುವುದಕ್ಕೂ ವ್ಯತ್ಯಾಸವಿದೆ. ರಸಿಕರ ಕೆಲಸ ಎರಡನೆಯದು ಮಾತ್ರ. ಮುಂದಿನ ಸಲ ಯಾವುದಾದರೂ ಕ್ಲಬ್ಬಿನ ಮ್ಯಾನೇಜರ್ ಹೊರಟಾಗ, ಮೊದಲ ಮೂರು ದಿನ ಕೇಳಿಬಂದ ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದಿಡಿ. ಅವರು ಈಗ ಎಲ್ಲಿದ್ದಾರೆ, ಬಂದರೆ ಏನನ್ನು ಬಿಟ್ಟುಬರಬೇಕು ಎಂದೂ ಪಕ್ಕದಲ್ಲಿ ಗುರುತಿಸಿ. ನೇಮಕವಾದ ದಿನ ಬಂದವರ ಹೆಸರನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಐದಾರು ಕ್ಲಬ್ಬುಗಳಿಗೆ ಹೀಗೆ ಮಾಡಿದರೆ, ಯಾವುದು ದೊಡ್ಡದು ಎಂದು ನೀವು ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.