ಚಿತ್ರತುರಗವೂ ವೀಡಿಯೊ ಆಟವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ಕಂಡವರಿಗೆ ಒಂದು ಸಂಗತಿ ಹೊಸದಲ್ಲ. ಅಪರಾಳ ತಮ್ಮಣ್ಣ ರಚಿಸಿ ಕುಲಗೋಡ ತಮ್ಮಣ್ಣ ಜನಪ್ರಿಯಗೊಳಿಸಿದ ಈ ಆಟದಲ್ಲಿ ದ್ವಾರಕೆಯ ಅರಮನೆಯನ್ನು ಯಾರೂ ಕಟ್ಟಿ ನಿಲ್ಲಿಸುವುದಿಲ್ಲ. ಸತ್ಯಭಾಮೆಯ ಮಂದಿರಕ್ಕೆ ಬಾಗಿಲೂ ಇಲ್ಲ. ಪಾತ್ರಧಾರಿ ಹಾಡುತ್ತ ನಾಲ್ಕು ಹೆಜ್ಜೆ ಸುತ್ತಿದನೆಂದರೆ ರುಕ್ಮಿಣಿಯ ಮನೆಯಿಂದ ಭಾಮೆಯ ಮನೆಗೆ ಬಂದಂತಾಯಿತು. ಬೆಳಗಿನವರೆಗೆ ಕುಳಿತ ಪ್ರೇಕ್ಷಕರಿಗೆ ಅದರಿಂದ ಕೊರತೆಯೆನಿಸಿಲ್ಲ. ಇದೇ ಸೀಮೆಯ ತರುಣರು ಇಂದು ಮೊಬೈಲಿನಲ್ಲಿ ಹೊಸದೊಂದು ಆಟ ಬಂದಿತೆಂದರೆ ಮೊದಲು ಕೇಳುವ ಮಾತು, ‘ಗ್ರಾಫಿಕ್ಸ್ ಹೆಂಗ ಅದಾವು?’ ಎಂದು. ಚಿತ್ರವು ನಿಜದಂತಿದೆಯೇ ಎಂಬುದೇ ಆ ಪ್ರಶ್ನೆಯ ತಿರುಳು. ಈ ಅಳತೆಗೋಲು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಗಳನ್ನು ಹೇಳಿದ್ದಾನೆ. ಲೋಕದಲ್ಲಿದ್ದಂತೆ ತೋರಿಸುವುದು ಮೊದಲನೆಯದು. ಕಲೆಯ ಸಂಕೇತದಿಂದ ತೋರಿಸುವುದು ಎರಡನೆಯದು. ಶ್ರೀಶಂಕುಕನ ಚಿತ್ರತುರಗನ್ಯಾಯವಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಚಿತ್ರದ ಕುದುರೆಯನ್ನು ಕಂಡಾಗ ಆಗುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಅದು ಬೇರೆಯೇ ಒಂದು ಅರಿವು ಎಂದು ಅವನ ವಾದ.

2018ರಲ್ಲಿ ಪ್ರಕಟವಾದ ‘ರೆಡ್ ಡೆಡ್ ರಿಡೆಂಪ್ಶನ್ 2’ ಎಂಬ ಆಟದಲ್ಲಿ ಅಂಥ ಕುದುರೆಯೊಂದುಂಟು. ಅದರ ಮೈಗೆ ಕೆಸರು ಹತ್ತುತ್ತದೆ, ಉಜ್ಜಿದರೆ ಹೋಗುತ್ತದೆ. ಸವಾರನ ಗಡ್ಡವು ದಿನಕಳೆದಂತೆ ಬೆಳೆಯುತ್ತದೆ. ಈ ಆಟದ ನಿರ್ಮಾಣದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಶಾಖೆಯೂ ಪಾಲುಗೊಂಡಿತ್ತು. 1997ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಧ್ರುವ ಸಂಸ್ಥೆಯನ್ನು ರಾಕ್‌ಸ್ಟಾರಿನ ಒಡೆಯರು 2019ರಲ್ಲಿ ಕೊಂಡುಕೊಂಡರು. ಅಂದಮೇಲೆ ನಿಜದಂತೆ ತೋರಿಸುವ ಕೌಶಲದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಆ ಕೌಶಲವನ್ನು ಹಗುರಾಗಿ ಕಾಣುವುದೂ ನಮ್ಮ ಉದ್ದೇಶವಲ್ಲ. ಕುದುರೆಯ ಆರೈಕೆಯಿಂದ ಸವಾರನಿಗೂ ಅದಕ್ಕೂ ಬೆಸುಗೆ ಬೀಳುತ್ತದೆ. ಅಲ್ಲಿ ವಿವರವು ಭಾವಕ್ಕೆ ದುಡಿಯುತ್ತದೆ. ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರಷ್ಟೆ. ಆದರೆ ಬೆರಗು ಬೇರೆ, ರಸ ಬೇರೆ. ಎರಡನೆಯ ಸಲ ಕಂಡ ಆನೆಗೆ ಮೊದಲ ಸಲದ ಬೆರಗಿರುವುದಿಲ್ಲ.

ಯಂತ್ರದ ಬಲವನ್ನೇ ನಂಬಿದ ಚಿತ್ರಕ್ಕೆ ಮುಪ್ಪು ಬೇಗ ಬರುತ್ತದೆ. ಜಪಾನಿನ ನಿಂಟೆಂಡೊ ಸಂಸ್ಥೆಯು 2000ದಲ್ಲಿ ತನ್ನ ಜೆಲ್ಡಾ ಕಥಾಮಾಲೆಯ ವಾಸ್ತವರೀತಿಯ ತುಣುಕೊಂದನ್ನು ತೋರಿಸಿ, ಮರುವರ್ಷ ‘ವಿಂಡ್ ವೇಕರ್’ ಆಟವನ್ನು ವ್ಯಂಗ್ಯಚಿತ್ರದ ರೀತಿಯಲ್ಲಿ ಮುಂದಿಟ್ಟಾಗ ಅಭಿಮಾನಿಗಳು ಮುನಿದರು. 2002ರ ಕೊನೆಗೆ ಹೊರಬಂದ ಆ ಆಟದ ಕಡಲು ಇಂದಿಗೂ ಕಣ್ಣಿಗೆ ಹಳತೆನಿಸುವುದಿಲ್ಲ. 2006ರಲ್ಲಿ ಅವರನ್ನು ಒಲಿಸಿದ ‘ಟ್ವೈಲೈಟ್ ಪ್ರಿನ್ಸೆಸ್’ ಮಾತ್ರ ಮಸುಕಾಗಿ ಕಾಣುತ್ತದೆ. 2006ರದೇ ‘ಓಕಾಮಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ಮೊದಲು ವಾಸ್ತವರೀತಿಯಲ್ಲೇ ಹೂಡಿದ್ದರು. ಯಂತ್ರವು ಆ ಹೊರೆಯನ್ನು ತಾಳಲಿಲ್ಲ. ನಿರ್ಮಾಪಕರು ಜಪಾನಿನ ಮಸಿಚಿತ್ರದ ಕಡೆಗೆ ತಿರುಗಿದರು. ಕುಂಚವು ಚಿತ್ರವನ್ನು ಬರೆದುದಲ್ಲದೆ ಆಡುವವನ ಕೈಗೂ ಬಂದು ಆಯುಧವಾಯಿತು. ಬಡತನವೇ ಇಲ್ಲಿ ಶೈಲಿಯನ್ನು ಹೆತ್ತಿತೆಂದರೆ ತಪ್ಪಾಗಲಾರದು.

ಶ್ರೀಶಂಕುಕನು ಎಣಿಸಿರದ ತೊಡಕೊಂದು ಈ ಕಲೆಯಲ್ಲಿದೆ. ಇಲ್ಲಿ ಸಹೃದಯನೇ ನಟ. ನಿಜದಂತಿರುವ ಬೀದಿಯಲ್ಲಿ ನಿಜದಂತಿರುವ ಬಾಗಿಲನ್ನು ಕಂಡರೆ ಅವನು ಅದನ್ನು ತೆರೆಯಲೆಳಸುತ್ತಾನೆ. ಅದು ಬರಿಯ ಗೋಡೆಯ ಮೇಲಿನ ಬಣ್ಣವೆಂದು ತಿಳಿದೊಡನೆ ಕಟ್ಟಿದ ಲೋಕವೆಲ್ಲ ರಟ್ಟಿನದಾಗುತ್ತದೆ. ಚಿತ್ರವು ನಿಜಕ್ಕೆ ಹತ್ತಿರವಾದಷ್ಟೂ ಅದು ಕೊಡುವ ಭಾಷೆ ದೊಡ್ಡದು. ನಡೆಸಲಾರದೆ ತಪ್ಪಿದಾಗ ಆಗುವ ರಸಭಂಗವೂ ದೊಡ್ಡದು. ನಾಟ್ಯಧರ್ಮಿಯ ಆಟವಾದರೋ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಲಾಗದು ಎಂಬ ಒಪ್ಪಂದವನ್ನು ಮೊದಲೇ ಮಾಡಿಕೊಂಡಿರುತ್ತದೆ. 2011ರಲ್ಲಿ ಪೂರ್ಣರೂಪದಲ್ಲಿ ಬಂದ ‘ಮೈನ್‌ಕ್ರಾಫ್ಟ್’ನಲ್ಲಿ ಮರವೂ ಮೋಡವೂ ಚೌಕದ ಗಟ್ಟಿಗಳೇ, ಆ ಮರವನ್ನು ಕಡಿಯಬಹುದು, ಮನೆ ಕಟ್ಟಬಹುದು. ಯಾವ ಹುಡುಗನೂ ಅದನ್ನು ಸುಳ್ಳು ಮರವೆಂದು ದೂರಿದ್ದನ್ನು ನಾವು ಕೇಳಿಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಹೊರಬಂತು. ಅದರಲ್ಲಿ ಪಹಾಡಿ ಚಿತ್ರಗಳ ಛಾಯೆಯಿದೆ. ಕಥಾಭಾಗಗಳನ್ನು ನೆರಳಿನ ಬೊಂಬೆಗಳು ನಡೆಸಿಕೊಡುತ್ತವೆ. ಕಾದಾಟದಲ್ಲಿ ಆಟವು ಅಲ್ಲಲ್ಲಿ ಸೊರಗಿದರೂ ನೋಟಕ್ಕೆ ತನ್ನದೇ ಮುಖವಿದೆ. ಕಿಳ್ಳೇಕ್ಯಾತರ ತೊಗಲು ಬೊಂಬೆಗಳನ್ನುಳ್ಳ ನಮ್ಮ ನಾಡಿನಿಂದ ಇಂಥದೊಂದು ಏಕೆ ಬರಬಾರದು? ನಮ್ಮ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಕಲಿಯುವವನು ನಿಜದ ಇಟ್ಟಿಗೆ, ನಿಜದ ಕಾರುಗಳನ್ನು ಮೂಡಿಸುವುದರಲ್ಲೇ ಪಳಗುತ್ತಾನೆ. ಉದ್ಯೋಗವು ಬೇಡುವುದು ಅದನ್ನೇ ಆದ್ದರಿಂದ ಅವನನ್ನು ದೂರಲಾಗದು. ಆದರೆ ಅವನು ಎಂದಾದರೂ ಭಾಮೆಯ ಮುನಿಸನ್ನು ಆಟವಾಗಿಸಹೊರಟರೆ ಬಾಗಿಲಿಲ್ಲದ ಆ ಮಂದಿರವನ್ನು ಹೇಗೆ ತೋರಿಸಿಯಾನು? ಕಂಬಕಂಬವನ್ನೂ ಕೆತ್ತಿಯಾನೋ, ಆ ನಾಲ್ಕು ಹೆಜ್ಜೆಗಳ ಸುತ್ತನ್ನು ಉಳಿಸಿಕೊಂಡಾನೋ? ಎರಡನೆಯದು ಹೆಚ್ಚು ಕಷ್ಟದ್ದು. ಅದಕ್ಕೆ ಅವನು ಒಂದು ರಾತ್ರಿಯಾದರೂ ಪಾರಿಜಾತದ ಮುಂದೆ ಕುಳಿತಿರಬೇಕು.