ಹೋಲಿಕೆಯೂ ಪ್ರೇರಣೆಯೂ

ಸಾಹಿತ್ಯ ವಿಮರ್ಶೆಯಲ್ಲಿ ‘ಪ್ರಭಾವ’ ಎಂಬ ಮಾತನ್ನು ನಾವು ಎಷ್ಟು ಧಾರಾಳವಾಗಿ ಬಳಸುತ್ತೇವೆಂದರೆ, ಅದರ ಅರ್ಥವೇನೆಂದು ನಿಂತು ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಈ ಕವಿಯ ಮೇಲೆ ಆ ಕವಿಯ ಪ್ರಭಾವವಿದೆ ಎಂದು ಬರೆದುಬಿಟ್ಟರೆ ಅರ್ಧ ವಿಮರ್ಶೆ ಮುಗಿದಂತೆ. ಇದೇ ಮಾತು ಈಗ ‘ಪ್ರೇರಣೆ’ ಎಂಬ ವೇಷ ತೊಟ್ಟು ನಮ್ಮ ಹೈಸ್ಕೂಲುಗಳ ಚಿತ್ರಕಲೆಯ ತರಗತಿಯನ್ನು ಹೊಕ್ಕಿದೆ. ಹೆಸರಾಂತ ಕಲಾವಿದನೊಬ್ಬನ ಚಿತ್ರವನ್ನು ಮಕ್ಕಳಿಗೆ ತೋರಿಸಿ, ಅದರ ಪ್ರೇರಣೆಯಿಂದ ನೀವೂ ಒಂದನ್ನು ಬರೆದು ತನ್ನಿ ಎಂದು ಹೇಳುವುದು ಇಂದು ಅನೇಕ ಕಡೆ ನಡೆದುಬಂದಿರುವ ಪದ್ಧತಿ. ಪದ್ಧತಿಯೇನೋ ಒಳ್ಳೆಯದೇ, ಕತ್ತೆ, ಕೊಡ, ಮಾವಿನಹಣ್ಣು ಇಷ್ಟನ್ನೇ ವರ್ಷಗಟ್ಟಲೆ ತಿದ್ದಿದ ನಮ್ಮ ಕಾಲಕ್ಕಿಂತ ಎಷ್ಟೋ ಮೇಲು. ಆದರೆ ಮಕ್ಕಳು ಇದರಿಂದ ಪಡೆಯುತ್ತಿರುವುದು ಪ್ರೇರಣೆಯೋ ಬರಿಯ ಹೋಲಿಕೆಯೋ ಎಂಬುದನ್ನು ವಿಚಾರಿಸಬೇಕಾಗಿದೆ. ನಾನು ಕನ್ನಡ ಪಾಠ ಹೇಳುವವನು, ಕುಂಚ ಹಿಡಿದವನಲ್ಲ. ಆದರೂ ಅನುಕರಣೆಯ ಪ್ರಶ್ನೆ ಕಾವ್ಯಕ್ಕೂ ಚಿತ್ರಕ್ಕೂ ಸಮಾನವಾದುದರಿಂದ ಎರಡು ಮಾತು ಆಡುವ ಧೈರ್ಯ ಮಾಡಿದ್ದೇನೆ.

ಈಚೆಗೆ ನಗರದ ಹೈಸ್ಕೂಲೊಂದರ ವಾರ್ಷಿಕ ಚಿತ್ರಪ್ರದರ್ಶನವನ್ನು ನೋಡಿದೆ. ಉದ್ದನೆಯ ಗೋಡೆಯೊಂದರ ತುಂಬ ವಾನ್ ಗೋನ ‘ನಕ್ಷತ್ರಗಳ ರಾತ್ರಿ’ಯೇ ಇದ್ದಿತು, ಮೂವತ್ತಕ್ಕೂ ಮೇಲ್ಪಟ್ಟು ಪ್ರತಿಗಳು. ಎಲ್ಲದರಲ್ಲಿಯೂ ಅದೇ ನೀಲಿ, ಅದೇ ಹಳದಿಯ ಸುಳಿಗಳು, ಎಡಗಡೆಗೆ ಜ್ವಾಲೆಯಂತೆ ಎದ್ದ ಅದೇ ಮರ. ಆ ಮರ ಸೈಪ್ರೆಸ್ ಎಂದು ಎಷ್ಟು ಮಕ್ಕಳಿಗೆ ಗೊತ್ತಿತ್ತೋ ತಿಳಿಯದು. ಒಬ್ಬರಿಬ್ಬರು ಅದನ್ನು ಪರ್ವತವೆಂದೇ ಭಾವಿಸಿ ಬಣ್ಣ ತುಂಬಿದ್ದರು. ಕೈಕೆಲಸ ಅಚ್ಚುಕಟ್ಟಾಗಿದ್ದಿತು. ತಾಯಿತಂದೆಗಳು ಸಂತೋಷದಿಂದ ಫೋಟೋ ತೆಗೆದುಕೊಳ್ಳುತ್ತಿದ್ದರು. ನನಗೂ ಮೊದಲು ಸಂತೋಷವೇ ಆಯಿತು. ಹತ್ತನೆಯ ಚಿತ್ರದ ಹೊತ್ತಿಗೆ, ಒಂದೇ ಪದ್ಯದ ಸಾರಾಂಶವನ್ನು ಒಂದೇ ಗೈಡಿನಿಂದ ಎತ್ತಿ ಬರೆದ ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದುತ್ತಿರುವಂತೆ ಭಾಸವಾಯಿತು.

ಅವುಗಳ ನಡುವೆ ಒಂದು ಚಿತ್ರ ಬೇರೆಯಾಗಿದ್ದಿತು. ಬಸ್ ನಿಲ್ದಾಣದ ಎತ್ತರದ ದೀಪ. ಅದರ ಸುತ್ತ ಮಳೆಹುಳುಗಳು ಗಿರಿಗಿರಿ ಸುತ್ತುತ್ತ ಬೆಳಕಿನ ಸುಳಿಯನ್ನೇ ನಿರ್ಮಿಸಿವೆ. ಕೆಳಗಿನ ಬಸ್ಸು ಸೊಟ್ಟಗಿದೆ, ಬಲಗಡೆಯ ಮೂಲೆಗೆ ಬಣ್ಣವೇ ಬಿದ್ದಿಲ್ಲ. ಒಳ್ಳೆಯ ಚಿತ್ರವೆಂದು ನಾನು ಹೇಳಲಾರೆ. ಆದರೆ ಸುಳಿ ಏತಕ್ಕೆ ಸುತ್ತಬೇಕು ಎಂಬುದಕ್ಕೆ ಆ ಗೋಡೆಯ ಮೇಲೆ ಕಾರಣ ಕಂಡುಕೊಂಡಿದ್ದ ಹುಡುಗ ಅವನೊಬ್ಬನೇ. ಅವನಿಗೆ ಬಂದ ಅಂಕ ಹತ್ತಕ್ಕೆ ಐದು. ಸುತ್ತಮುತ್ತಲ ಚಿತ್ರಗಳಿಗೆ ಎಂಟು, ಒಂಬತ್ತು. ವಿಚಾರಿಸಿದಾಗ, ‘ಮೂಲದೊಡನೆ ಸಾಮ್ಯ’ ಎಂಬುದಕ್ಕೆ ಐದು ಅಂಕ ಮೀಸಲೆಂದು ತಿಳಿಯಿತು. ಮೇಷ್ಟರನ್ನು ದೂರುವುದಕ್ಕೆ ಮನಸ್ಸು ಬಾರದು. ನಲವತ್ತು ನಿಮಿಷದ ಪೀರಿಯಡ್ಡು, ಐವತ್ತು ಅರವತ್ತು ಮಕ್ಕಳು. ಸಾಮ್ಯವಾದರೆ ಕಣ್ಣಿಗೆ ಒಡನೆ ಕಾಣುತ್ತದೆ, ಅಳೆಯುವುದು ಸುಲಭ. ಆದರೆ ಸುಲಭವಾಗಿ ಅಳೆಯಬಹುದಾದುದನ್ನೇ ಕಲೆಯೆಂದು ಮಕ್ಕಳಿಗೆ ನಂಬಿಸಿದರೆ ಅದರ ಫಲ ಅಂಕಪಟ್ಟಿಯಲ್ಲಿ ನಿಲ್ಲುವುದಿಲ್ಲ. ನಿನ್ನ ಕಣ್ಣಿಗಿಂತ ಇನ್ನೊಬ್ಬರ ಕಣ್ಣು ಹೆಚ್ಚು ನಂಬತಕ್ಕದ್ದು ಎಂಬ ಪಾಠವನ್ನು ಹದಿನಾಲ್ಕನೆಯ ವಯಸ್ಸಿಗೆ ಕಲಿತವನು ಅದನ್ನು ಮರೆಯುವುದು ಕಷ್ಟ.

ಈ ಮಕ್ಕಳಿಗೆ ಮಾದರಿಯಾಗಿ ಕೊಟ್ಟ ಚಿತ್ರ ಹುಟ್ಟಿದ ಬಗೆಯನ್ನೇ ನೋಡೋಣ. ವಾನ್ ಗೋ ಇದನ್ನು ಬರೆದುದು 1889ರ ಜೂನ್ ತಿಂಗಳಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿ ಇದ್ದಾಗ. ಅವನ ಕೋಣೆಯ ಕಿಟಕಿ ಪೂರ್ವಕ್ಕಿದ್ದಿತು. ಸೂರ್ಯೋದಯಕ್ಕೆ ಮುಂಚಿನ ಆಕಾಶವನ್ನು ಅವನು ಅಲ್ಲಿಂದ ನೋಡುತ್ತಿದ್ದನು. ಆದರೆ ಕಿಟಕಿಯ ಕಬ್ಬಿಣದ ಸರಳುಗಳು ಚಿತ್ರದಲ್ಲಿಲ್ಲ. ಚಿತ್ರದಲ್ಲಿರುವ ಹಳ್ಳಿ ಆ ಕಿಟಕಿಯಿಂದ ಕಾಣುತ್ತಿರಲಿಲ್ಲ. ಹಳ್ಳಿಯ ನಡುವಿನ ಇಗರ್ಜಿಯ ಚೂಪು ಗೋಪುರ ಫ್ರಾನ್ಸಿನ ಆ ಸೀಮೆಯದಕ್ಕಿಂತ ಅವನ ಹುಟ್ಟುನಾಡಾದ ಹಾಲೆಂಡಿನ ಗೋಪುರಗಳನ್ನು ಹೋಲುತ್ತದೆ. ಎಂದರೆ, ಕಂಡದ್ದರಲ್ಲಿ ಒಂದನ್ನು ಬಿಟ್ಟು, ಕಾಣದ ಒಂದನ್ನು ನೆನಪಿನಿಂದ ತಂದು ಸೇರಿಸಿ ಅವನು ಈ ರಾತ್ರಿಯನ್ನು ಕಟ್ಟಿದ್ದಾನೆ. ಎದುರಿಗಿದ್ದ ಆಕಾಶವನ್ನೂ ಹಾಗೆಯೇ ನಕಲು ಮಾಡದವನ ಚಿತ್ರವನ್ನು ಹಾಗೆಯೇ ನಕಲು ಮಾಡುವುದು ಅವನ ಪ್ರೇರಣೆ ಹೇಗಾದೀತು?

ಹಾಗಾದರೆ ವಾನ್ ಗೋ ಬೇರೆಯವರನ್ನು ಅನುಕರಿಸಲಿಲ್ಲವೇ ಎಂದರೆ, ಧಾರಾಳವಾಗಿ ಅನುಕರಿಸಿದನು. 1887ರಲ್ಲಿ ಪ್ಯಾರಿಸಿನಲ್ಲಿ ಜಪಾನಿನ ಹಿರೋಶಿಗೆಯ ಅಚ್ಚಿನ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಚೌಕುಳಿ ಗೆರೆ ಎಳೆದು, ನಮ್ಮ ಹುಡುಗರಂತೆಯೇ ಪ್ರತಿಮಾಡಿದನು. ಅಂಚಿಗೆ ತನಗೆ ಓದಲು ಬಾರದ ಜಪಾನೀ ಅಕ್ಷರಗಳನ್ನೂ ಅಲಂಕಾರಕ್ಕಾಗಿ ತುಂಬಿದನು. ಇದು ಶಿಷ್ಯನ ಹಂತ. ಎರಡು ವರ್ಷದ ಮೇಲೆ ಸೇಂಟ್ ರೆಮಿಯಲ್ಲಿ, ತಾನು ಗುರುವಿನಂತೆ ಕಂಡ ಮಿಲೆಯ ಸುಮಾರು ಇಪ್ಪತ್ತು ಚಿತ್ರಗಳನ್ನು ಮತ್ತೆ ಬರೆದನು. ಆದರೆ ಅವನ ಮುಂದೆ ಇದ್ದುದು ಕಪ್ಪು ಬಿಳುಪಿನ ಅಚ್ಚುಗಳು. ಬಣ್ಣ ಅವನೇ ಹುಡುಕಬೇಕಾಯಿತು. ತಮ್ಮ ತಿಯೋನಿಗೆ ಬರೆದ ಕಾಗದಗಳಲ್ಲಿ ಅವನು ಈ ಕೆಲಸವನ್ನು ಇನ್ನೊಬ್ಬನ ಕೃತಿಯನ್ನು ನುಡಿಸುವ ವಾದ್ಯಗಾರನ ಕೆಲಸಕ್ಕೂ, ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾಡುವ ಅನುವಾದಕ್ಕೂ ಹೋಲಿಸಿದ್ದಾನೆ. ಅನುವಾದವೆಂಬ ಈ ಮಾತು ಕನ್ನಡಿಗರಿಗೆ ಬೇಗ ಹಿಡಿಯುವಂಥದು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ದಾರಿಯಾದುದು ಅದರಲ್ಲಿ ಇಂಗ್ಲಿಷಿನ ಪದ್ಯಗಳಿದ್ದುದರಿಂದಲ್ಲ. ಇಂಗ್ಲಿಷಿನ ಛಂದಸ್ಸು ಕನ್ನಡದಲ್ಲಿ ನಿಲ್ಲದೆಹೋದಾಗ, ಕನ್ನಡದ ಮಾತ್ರಾಗಣಗಳಲ್ಲಿಯೇ ಅವರು ಹೊಸ ನಡೆಯೊಂದನ್ನು ಕಂಡುಹಿಡಿಯಬೇಕಾಯಿತು. ಆ ಕಷ್ಟವೇ ನಮಗೆ ಲಾಭವಾಯಿತು. ಮೂಲದಲ್ಲಿ ಇಲ್ಲದ ಒಂದನ್ನು ಹುಡುಕಿಕೊಳ್ಳಲೇಬೇಕಾದ ಕಡೆ ಅನುಕರಣೆ ಸೃಷ್ಟಿಯಾಗತೊಡಗುತ್ತದೆ.

ಈ ವಿಷಯದಲ್ಲಿ ನಮ್ಮ ಆಲಂಕಾರಿಕರು ಬಹಳ ಸೂಕ್ಷ್ಮವಾಗಿ ಆಲೋಚಿಸಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ದ್ಯೋತದಲ್ಲಿ, ಒಬ್ಬ ಕವಿಯ ಕೃತಿ ಇನ್ನೊಬ್ಬನದನ್ನು ಹೋಲುವ ಮೂರು ಬಗೆಗಳನ್ನು ಹೇಳುತ್ತಾನೆ. ಮೊದಲನೆಯದು ಕನ್ನಡಿಯ ಪ್ರತಿಬಿಂಬದಂತೆ. ಅದಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಎರಡನೆಯದು ಚಿತ್ರದಲ್ಲಿ ಬರೆದ ಆಕೃತಿಯಂತೆ. ಅದಕ್ಕಿರುವ ಆತ್ಮ ತುಚ್ಛವಾದುದು. ಮೂರನೆಯದು ಇಬ್ಬರು ಮನುಷ್ಯರ ದೇಹಗಳು ಒಂದನ್ನೊಂದು ಹೋಲುವಂತೆ. ಅಲ್ಲಿ ರೂಪ ಸಮಾನವಾದರೂ ಜೀವ ಬೇರೆ. ಮೊದಲೆರಡನ್ನು ಬಿಡಬೇಕು, ಮೂರನೆಯದನ್ನು ಕವಿ ಬಿಡಬೇಕಾದ ಕಾರಣವಿಲ್ಲ ಎಂಬುದು ಅವನ ತೀರ್ಪು. ಹೋಲಿಕೆಯೇ ದೋಷವೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಹೋಲುವ ವಸ್ತುವಿನಲ್ಲಿ ಬೇರೆ ಜೀವವಿದೆಯೇ ಎಂದಷ್ಟೇ ಕೇಳುತ್ತಾನೆ. ಗೋಡೆಯ ಮೇಲಿನ ಮೂವತ್ತು ರಾತ್ರಿಗಳು ಮೊದಲನೆಯ ಬಗೆಗೆ ಸೇರಿದುವು. ಬಸ್ ನಿಲ್ದಾಣದ ದೀಪ, ಎಷ್ಟೇ ಸೊಟ್ಟಗಿದ್ದರೂ, ಮೂರನೆಯದಕ್ಕೆ.

ಕನ್ನಡದಲ್ಲಿಯೇ ಇದಕ್ಕೆ ಸೊಗಸಾದ ನಿದರ್ಶನವಿದೆ. ನಾಗಚಂದ್ರನು ತನ್ನನ್ನು ‘ಅಭಿನವ ಪಂಪ’ ಎಂದು ಕರೆದುಕೊಂಡನು. ಇದಕ್ಕಿಂತ ಬಹಿರಂಗವಾಗಿ ಗುರುವಿನ ಹೆಸರನ್ನು ಹೊತ್ತವರು ವಿರಳ. ಆದರೆ ಅವನು ಪಂಪನ ಅರ್ಜುನನನ್ನು ಮತ್ತೆ ಬರೆಯಹೋಗಲಿಲ್ಲ. ಜೈನ ರಾಮಕಥೆಯನ್ನು ಎತ್ತಿಕೊಂಡು, ಒಂದು ದೌರ್ಬಲ್ಯದಿಂದ ಕೆಟ್ಟ ಉದಾತ್ತ ರಾವಣನನ್ನು ಕಡೆದನು. ಆ ಕೃತಿಯನ್ನು ಜನ ಇಂದಿಗೂ ‘ಪಂಪರಾಮಾಯಣ’ ಎಂದೇ ಕರೆಯುತ್ತಾರೆ. ಹೆಸರು ಗುರುವಿನದು, ರಾವಣ ಮಾತ್ರ ಶಿಷ್ಯನವನು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮಕ್ಕಳಿನ್ನೂ ಕಲಿಯುವವರು, ಮೊದಲು ನಕಲು, ಆಮೇಲೆ ಸ್ವಂತಿಕೆ, ಸರಿಗಮ ಬಾರದವನಿಗೆ ರಾಗಾಲಾಪನೆ ಎಲ್ಲಿಂದ ಬಂದೀತು? ಆಕ್ಷೇಪಣೆ ನ್ಯಾಯವಾದುದು. ಪಿಕಾಸೋ ಹದಿಹರೆಯದಲ್ಲಿ ಮ್ಯಾಡ್ರಿಡ್ಡಿನ ಪ್ರಾಡೋ ಸಂಗ್ರಹಾಲಯದಲ್ಲಿ ವೆಲಾಸ್ಕೆಸ್ ಬರೆದ ದೊರೆಯ ಭಾವಚಿತ್ರವನ್ನು ಪ್ರತಿಮಾಡಿದ್ದನು. 1957ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ಅದೇ ವೆಲಾಸ್ಕೆಸನ 1656ರ ‘ಲಾಸ್ ಮೆನಿನಾಸ್’ ಚಿತ್ರವನ್ನು ಹಿಡಿದು, ನಾಲ್ಕೈದು ತಿಂಗಳಲ್ಲಿ 58 ಚಿತ್ರಗಳ ಒಂದು ಮಾಲೆಯನ್ನೇ ಬರೆದನು. ಅದರಲ್ಲಿ ಮೂಲವನ್ನು ಒಡೆದು, ತಿರುಗಿಸಿ, ಬಣ್ಣ ಕಳೆದು, ಬಣ್ಣ ಕೂಡಿಸಿ ನೋಡಿದ್ದಾನೆ. ನಡುವೆ ತನ್ನ ಕಿಟಕಿಯ ಪಾರಿವಾಳಗಳನ್ನೂ ಬರೆದುಕೊಂಡಿದ್ದಾನೆ. ಮೊದಲಿನ ನಕಲಿಲ್ಲದೆ ಕೊನೆಯ ಸ್ವಾತಂತ್ರ್ಯ ಬರುತ್ತಿರಲಿಲ್ಲವೆಂದು ವಾದಿಸಬಹುದು. ನಾನು ಅದನ್ನು ಅಲ್ಲಗಳೆಯಲಾರೆ. ನನ್ನ ತಕರಾರು ಹೆಸರಿನ ಬಗ್ಗೆ. ನಕಲನ್ನು ನಕಲೆಂದೇ ಕರೆದು ಮಾಡಿಸಿದರೆ ಅದರಿಂದ ಕೈ ಪಳಗುತ್ತದೆ. ನಕಲನ್ನು ಪ್ರೇರಣೆಯೆಂದು ಕರೆದರೆ ಎರಡೂ ಕೆಡುತ್ತವೆ. ವೀಣೆ ಕಲಿಯುವವನು ಗುರು ಹೇಳಿದ ಕೃತಿಯನ್ನು ಹೇಳಿದಂತೆಯೇ ವರ್ಷಗಟ್ಟಲೆ ನುಡಿಸುತ್ತಾನೆ. ಅದನ್ನು ಯಾರೂ ಅವನ ಮನೋಧರ್ಮವೆನ್ನುವುದಿಲ್ಲ.

ಇದಕ್ಕೆ ವಿರುದ್ಧವಾದ ತುದಿಗೂ ಹೋದವರಿದ್ದಾರೆ. ವಿಯೆನ್ನಾದಲ್ಲಿ 1897ರಲ್ಲಿ ಮಕ್ಕಳ ಚಿತ್ರಶಾಲೆ ತೆರೆದ ಫ್ರಾನ್ಸ್ ಚಿಜೆಕ್ ಎಂಬಾತ, ಮಗುವಿಗೆ ಯಾವ ಮಾದರಿಯೂ ಬೇಡ, ಅದು ತನ್ನೊಳಗಿನಿಂದಲೇ ಬರೆಯಲಿ ಎಂದನು. ಉದಾತ್ತವಾದ ಭಾವನೆ. ಆದರೆ ಅವನ ತರಗತಿಯ ಚಿತ್ರಗಳಲ್ಲಿಯೂ ಒಂದೇ ಶೈಲಿ ಎದ್ದು ಕಾಣುತ್ತದೆಂದು ಆಮೇಲಿನವರು ಗುರುತಿಸಿದರು. ಮಾದರಿಯನ್ನು ಬಾಗಿಲಲ್ಲಿ ತಡೆದರೆ ಅದು ಕಿಟಕಿಯಿಂದ ಬರುತ್ತದೆ. ಗುರುವಿನ ಮೆಚ್ಚುಗೆಯೇ ಮಾದರಿಯಾಗುತ್ತದೆ. ಆದ್ದರಿಂದ ಮಾದರಿ ಇರಲಿ. ಅದರಿಂದ ಏನನ್ನು ಪಡೆಯಬೇಕೆಂಬುದನ್ನು ಮಾತ್ರ ಮೇಷ್ಟರು ಸ್ಪಷ್ಟಮಾಡಿಕೊಳ್ಳಲಿ.

ನನಗೆ ತೋರುವುದಿಷ್ಟು. ಪ್ರತಿಯೊಂದು ದೊಡ್ಡ ಚಿತ್ರವೂ ಒಂದು ಪ್ರಶ್ನೆಗೆ ಕಲಾವಿದ ಕಂಡುಕೊಂಡ ಉತ್ತರ. ಮಕ್ಕಳಿಗೆ ನಾವು ಉತ್ತರವನ್ನು ಕೊಟ್ಟು ಪ್ರಶ್ನೆಯನ್ನು ಮುಚ್ಚಿಡುತ್ತಿದ್ದೇವೆ, ಕೊಡಬೇಕಾದುದು ಪ್ರಶ್ನೆಯನ್ನು. ವಾನ್ ಗೋನ ಚಿತ್ರ ತೋರಿಸಿದ ಮೇಲೆ, “ಇಂದು ರಾತ್ರಿ ನಿಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿ, ಕಂಡದ್ದರಲ್ಲಿ ಒಂದನ್ನು ಬಿಡಿ, ಕಾಣದ ಒಂದನ್ನು ನೆನಪಿನಿಂದ ತಂದು ಸೇರಿಸಿ” ಎಂದು ಹೇಳಿದರೆ ಸಾಕು. ನೀರಿನ ಟ್ಯಾಂಕು, ಕೇಬಲ್ ತಂತಿ, ಎದುರು ಮನೆಯ ಮೆಟ್ಟಿಲಿನ ದೀಪ, ಅಜ್ಜಿಯ ಊರಿನ ತೆಂಗಿನ ಮರ, ಏನಾದರೂ ಬರಲಿ. ಅದರಲ್ಲಿ ಸುಳಿ ಬಂದರೂ ಸರಿಯೇ, ಬಾರದಿದ್ದರೂ ಸರಿಯೇ.

ನಮ್ಮ ಕಲಾವಿದರ ಪ್ರಶ್ನೆಗಳೂ ನಮಗೆ ಹತ್ತಿರದಲ್ಲಿವೆ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು; ಆದರೆ ಊಟಿ, ಕೊಡೈಕೆನಾಲುಗಳ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಬರೆದಾಗ ಅಲ್ಲಿದ್ದುದು ಅವರ ಸ್ವಂತ ತಪಸ್ಸು. ಮಂಜೂ ಬೆಳಕೂ ಬೆಟ್ಟವನ್ನು ಹೇಗೆ ಬದಲಾಯಿಸುತ್ತವೆ ಎಂಬುದು ಅವರ ಪ್ರಶ್ನೆ. ಅದನ್ನು ಹುಡುಗರಿಗೆ ಕೊಡಬಹುದು: ಶಾಲೆಯ ಎದುರಿನ ಒಂದೇ ಮರವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆಯಿರಿ, ಎಂದು. ಉಡುಪಿಯ ಬಳಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. ಅವರ ರೇಖೆಯನ್ನು ನಕಲು ಮಾಡಿಸುವ ಬದಲು, ಕಬಡ್ಡಿ ಆಡುವವನ ಮೈಯನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಹಿಡಿಯಿರಿ ಎಂದರೆ ಹೆಬ್ಬಾರರು ಪಟ್ಟ ಕಷ್ಟದ ಒಂದು ಪಾಲಾದರೂ ಹುಡುಗನಿಗೆ ತಿಳಿದೀತು. ಆಮೇಲೆ ಹೆಬ್ಬಾರರ ಗೆರೆಗಳನ್ನು ತೋರಿಸಿದರೆ ಅವನು ಬೇರೆ ಕಣ್ಣಿನಿಂದ ನೋಡುತ್ತಾನೆ. ಕಷ್ಟಪಟ್ಟು ಸೋತವನಿಗೆ ಗೆದ್ದವನ ಬೆಲೆ ತಿಳಿಯುತ್ತದೆ.

ವಾರ್ಲಿ ಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎರಡು ತ್ರಿಕೋನ ಸೇರಿಸಿದರೆ ಒಬ್ಬ ಮನುಷ್ಯ ಎಂದು ಹೇಳಿಕೊಟ್ಟು ಮಡಕೆಯ ಮೇಲೆ, ಫೈಲಿನ ಮೇಲೆ ಬರೆಸುವುದು ಈಗ ಸಾಮಾನ್ಯವಾಗಿದೆ. ಮಹಾರಾಷ್ಟ್ರದ ವಾರ್ಲಿ ಜನರಲ್ಲಿ ಅದು ಮದುವೆಯ ಸಂದರ್ಭದಲ್ಲಿ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದ ದೇವತಾ ಮಂಡಲ. ಅದರ ತ್ರಿಕೋನವನ್ನು ಮಾತ್ರ ಎತ್ತಿಕೊಂಡು ಮದುವೆಯನ್ನೂ ದೇವತೆಯನ್ನೂ ಬಿಟ್ಟರೆ ಉಳಿಯುವುದು ಜ್ಯಾಮಿತಿ. ಅದರ ಬದಲು, ನಿಮ್ಮ ಮನೆಯಲ್ಲಿ ಹಬ್ಬಕ್ಕೆ, ಮದುವೆಗೆ ನೆಲದ ಮೇಲೆ ಏನು ಬರೆಯುತ್ತಾರೆ, ಯಾರು ಬರೆಯುತ್ತಾರೆ ಎಂದು ಕೇಳಿ ಬರಲು ಹೇಳಿದರೆ, ವಾರ್ಲಿ ಹೆಂಗಸಿಗೂ ಹುಡುಗನ ಅಜ್ಜಿಗೂ ಇರುವ ಸಂಬಂಧ ಅವನಿಗೆ ತಾನಾಗಿ ಹೊಳೆಯಬಹುದು.

ಇದೆಲ್ಲ ಅಂಕಗಳ ಲೆಕ್ಕಕ್ಕೆ ಹೇಗೆ ಸಿಕ್ಕುತ್ತದೆ ಎಂದು ಮೇಷ್ಟರು ಕೇಳುವುದು ಸಹಜ. ಸಾಮ್ಯಕ್ಕೆಂದಿಟ್ಟ ಐದು ಅಂಕಗಳನ್ನು ತೆಗೆದು, ಮೂಲದಲ್ಲಿ ಇಲ್ಲದುದನ್ನು ಏನು ತಂದಿದ್ದಾನೆ ಎಂಬುದಕ್ಕೆ ಕೊಡಲಿ. ಮಗುವಿನಿಂದ ಮೂರು ಸಾಲು ಬರೆಸಿಕೊಳ್ಳಲಿ: ಏನನ್ನು ನೋಡಿದೆ, ಏನನ್ನು ಬಿಟ್ಟೆ, ಏಕೆ ಬಿಟ್ಟೆ. ಆಗ ಮೇಷ್ಟರು ಮೂಲಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುವಂತಿಲ್ಲ, ಹುಡುಗನ ಹಾಳೆಯನ್ನೇ ನೋಡಬೇಕಾಗುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ನಿಜ. ವಾರಕ್ಕೊಂದು ಪೀರಿಯಡ್ಡು ಕೊಟ್ಟು, ಪರೀಕ್ಷೆ ಬಂದೊಡನೆ ಅದನ್ನೂ ಗಣಿತಕ್ಕೆ ಕಿತ್ತುಕೊಳ್ಳುವ ಶಾಲೆಗಳು ಆ ಹೊತ್ತನ್ನು ಕೊಡಬೇಕು. ಕೊಡಿರೆಂದು ಕೇಳುವುದು ತಾಯಿತಂದೆಗಳ ಕೆಲಸ.