ಬೀಳದ ನಗರ: ಬೈಜಾಂಟಿಯಮ್ಮಿನ ಒಂದು ಕಲ್ಪಿತ ಚರಿತ್ರೆಯನ್ನು ಕುರಿತು

ವಿಜಯನಗರವನ್ನು ಕುರಿತ ಉಪನ್ಯಾಸವು ಚಾಮರಾಜಪೇಟೆಯಲ್ಲೋ ಬಸವನಗುಡಿಯಲ್ಲೋ ನಡೆದರೆ, ಕೊನೆಯಲ್ಲಿ ಸಭಿಕರಲ್ಲೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: 1565ರ ಜನವರಿಯಲ್ಲಿ ರಕ್ಕಸ-ತಂಗಡಗಿಯ ಬಯಲಿನಲ್ಲಿ ರಾಮರಾಯನು ಗೆದ್ದಿದ್ದರೆ? ಮಲ್ಲೇಶ್ವರದ ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯ ಪಾಠವು 1453ರ ಮೇ 29ನ್ನು ತಲುಪಿದಾಗ ಏಳುವ ಪ್ರಶ್ನೆಯೂ ಇದರ ಒಡಹುಟ್ಟು. ಕಾನ್‌ಸ್ಟಾಂಟಿನೋಪಲ್ ಬೀಳದಿದ್ದರೆ? ಇದನ್ನು ಬಾಲಿಶವೆಂದು ತಳ್ಳಿಹಾಕುವುದು ಅಧ್ಯಾಪಕರಿಗೆ ಸುಲಭ. ಆದರೆ ನಡೆಯದ ಚರಿತ್ರೆಯನ್ನು ಕಲ್ಪಿಸಿಕೊಳ್ಳುವವನು ಯಾವುದನ್ನು ಅಳಿಸುತ್ತಾನೆ, ಯಾವುದನ್ನು ಉಳಿಸಿಕೊಳ್ಳುತ್ತಾನೆ ಎಂಬುದನ್ನು ನೋಡಿದರೆ, ಧರ್ಮಸಭೆಯೆಂದರೆ ಏನೆಂದು ಅವನು ನಂಬಿದ್ದಾನೆಂಬುದು ಅವನ ಪರೀಕ್ಷೆಯ ಉತ್ತರಪತ್ರಿಕೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಈ ಕಲ್ಪನೆಗೆ ದೊರೆತಿರುವ ಸುಸಂಬದ್ಧ ರೂಪಗಳಲ್ಲೊಂದು, ಅಮೆರಿಕದ ಹ್ಯಾರಿ ಟರ್ಟಲ್‌ಡವ್ ಅವರು 1987ರಲ್ಲಿ ಪ್ರಕಟಿಸಿದ 'ಏಜೆಂಟ್ ಆಫ್ ಬೈಜಾಂಟಿಯಮ್' ಎಂಬ ಕಥಾಗುಚ್ಛ. ಲೇಖಕರು ಬೈಜಾಂಟೈನ್ ಚರಿತ್ರೆಯಲ್ಲಿಯೇ ಡಾಕ್ಟರೇಟ್ ಪಡೆದವರು. ಆದುದರಿಂದ ಇದನ್ನು ಹುಡುಗಾಟದ ಬರಹವೆನ್ನುವಂತಿಲ್ಲ. ಅವರು ಬದಲಿಸುವುದು ಒಂದೇ ಸಂಗತಿಯನ್ನು. ವ್ಯಾಪಾರಕ್ಕಾಗಿ ಸಿರಿಯಾಕ್ಕೆ ಬಂದ ಮುಹಮ್ಮದರು ಅಲ್ಲಿ ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿ ಸನ್ಯಾಸಿಯಾಗುತ್ತಾರೆ, ಸ್ತುತಿಗೀತೆಗಳನ್ನು ರಚಿಸುತ್ತಾರೆ, ಸ್ಪೇನಿನಲ್ಲಿ ಧರ್ಮಾಧ್ಯಕ್ಷರಾಗುತ್ತಾರೆ, ಕಡೆಗೆ ಸಂತರೆನಿಸಿಕೊಳ್ಳುತ್ತಾರೆ. ಇಸ್ಲಾಂ ಹುಟ್ಟುವುದೇ ಇಲ್ಲ. ಸಿರಿಯಾ, ಈಜಿಪ್ಟುಗಳು ಸಾಮ್ರಾಟನ ಕೈಬಿಟ್ಟು ಹೋಗುವುದಿಲ್ಲ. ಏಳು ಶತಮಾನಗಳ ನಂತರ ಬೆಸಿಲ್ ಆರ್ಗಿರೋಸ್ ಎಂಬ ಅಧಿಕಾರಿಯು ಆ ಸಾಮ್ರಾಜ್ಯದ ಗೂಢಚಾರನಾಗಿ ದೇಶ ದೇಶಗಳನ್ನು ಸುತ್ತುತ್ತಾನೆ.

ಪುಸ್ತಕದಲ್ಲಿ ಮೆಚ್ಚತಕ್ಕದ್ದು ಸಾಕಷ್ಟಿದೆ. ಗೆದ್ದ ಸಾಮ್ರಾಜ್ಯದ ಹೃದಯಸ್ಥಾನದಲ್ಲಿಯೇ ಆರ್ಗಿರೋಸನು ಸಿಡುಬಿನಿಂದ ಹೆಂಡತಿಯನ್ನೂ ಎಳೆಮಗುವನ್ನೂ ಕಳೆದುಕೊಳ್ಳುವ ಭಾಗವು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಪವಿತ್ರ ಚಿತ್ರಗಳ ವಿವಾದವನ್ನು ಎಂಟನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನಕ್ಕೆ ತಂದಿರುವುದೂ ವಿದ್ವಾಂಸನೊಬ್ಬನ ಜಾಣತನವೇ. ಆದರೂ ಕಥೆಯ ಅಡಿಪಾಯವು ಬಿರುಕು ಬಿಟ್ಟಿರುವುದು ಇಲ್ಲಿಯೇ.

ಪವಿತ್ರ ಚಿತ್ರಗಳ ವಂದನೆಯನ್ನು ಎತ್ತಿಹಿಡಿದ ದಮಸ್ಕಸ್ಸಿನ ಸಂತ ಯೊವಾನ್ನರನ್ನು ನಾವು ಡಿಸೆಂಬರ್ 4ರಂದು ಸ್ಮರಿಸುತ್ತೇವೆ. ಮೂರನೆಯ ಲಿಯೋ ಸಾಮ್ರಾಟನು ಚಿತ್ರಗಳನ್ನು ನಿಷೇಧಿಸಿದಾಗ ಅವರು ಮೂರು ಪ್ರಬಂಧಗಳನ್ನು ಬರೆದು ಅವನನ್ನು ಎದುರಿಸಿದರು. ಧರ್ಮಸಭೆಗೆ ಶಾಸನ ವಿಧಿಸುವುದು ಅರಸರ ಕೆಲಸವಲ್ಲವೆಂದು ವಾದಿಸಿದರು. 754ರಲ್ಲಿ ಹಿಯೆರಿಯಾದಲ್ಲಿ ಸಾಮ್ರಾಟನ ಆಶ್ರಯದಲ್ಲಿ ಸೇರಿದ ಸಭೆಯು ಅವರನ್ನು ಶಪಿಸಿತು. ಆದರೆ ಅವರು ಬದುಕಿರುವಷ್ಟು ಕಾಲವೂ ಸಾಮ್ರಾಟನ ಕೈ ಅವರನ್ನು ಮುಟ್ಟಲಾಗಲಿಲ್ಲ. ಏಕೆಂದರೆ ಅವರ ಮನೆತನವು ದಮಸ್ಕಸ್ಸಿನಲ್ಲಿ ಉಮಯ್ಯದ್ ಖಲೀಫರ ಸೇವೆಯಲ್ಲಿತ್ತು. ಅವರು ಸನ್ಯಾಸಿಯಾಗಿ ಬಾಳಿದ, ಜೆರುಸಲೇಮಿಗೆ ಸಮೀಪದ ಮಾರ್ ಸಾಬಾ ಮಠವೂ ಖಲೀಫರ ಆಳ್ವಿಕೆಯಲ್ಲಿತ್ತು. 787ರಲ್ಲಿ ನಿಸೇಯಾದ ಎರಡನೆಯ ಮಹಾಸಭೆಯು ಎತ್ತಿಹಿಡಿದ ಸತ್ಯವನ್ನು ಬರೆದ ಕೈ ಮುಸ್ಲಿಂ ಅರಸನ ನೆಲದಲ್ಲಿ ಸುರಕ್ಷಿತವಾಗಿತ್ತು. ಇದರಿಂದ ಯೊವಾನ್ನರು ಇಸ್ಲಾಮಿನ ಬಗ್ಗೆ ಮೃದುವಾಗಿದ್ದರೆಂದು ಭಾವಿಸಬಾರದು. ಅದನ್ನೂ ಅವರು ಪಾಷಂಡಮತಗಳ ಪಟ್ಟಿಗೆ ಸೇರಿಸಿ, ಕಟುವಾಗಿಯೇ ಬರೆದರು.

ಸಿರಿಯಾವನ್ನು ಸಾಮ್ರಾಟನಿಗೆ ಉಳಿಸಿಕೊಟ್ಟ ಕಥೆಯಲ್ಲಿ ಈ ಯೊವಾನ್ನರಿಗೆ ನಿಲ್ಲಲು ನೆಲವಿಲ್ಲ. ಧರ್ಮಸಭೆಯ ಶತ್ರುವನ್ನು ಅಳಿಸಿದೆವೆಂದು ಹಿಗ್ಗುವ ಕಲ್ಪನೆಯು, ಅರಿವಿಲ್ಲದೆ, ಧರ್ಮಸಭೆಯ ಆಚಾರ್ಯನೊಬ್ಬನ ಆಸರೆಯನ್ನೂ ಅಳಿಸಿರುತ್ತದೆ. ಮನರಂಜನೆಯ ಕಥೆಗೆ ಇಷ್ಟು ದೊಡ್ಡ ತಕ್ಕಡಿ ಏಕೆ ಎಂದು ಕೇಳಬಹುದು. ಕಥೆಗಾರನಿಗೆ ಬೇಡವೇನೋ. ಆದರೆ ಅದೇ ಕಥೆಯನ್ನು ಪ್ರಾರ್ಥನೆಯ ಧಾಟಿಯಲ್ಲಿ ಹೇಳುವ ಗುರುಗಳಿದ್ದಾರೆ, ಅವರಿಗೆ ಬೇಕು.

ಎಲ್ಲ ಕಲ್ಪಿತ ಚರಿತ್ರೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. 1204ರ ಏಪ್ರಿಲಿನಲ್ಲಿ ನಾಲ್ಕನೆಯ ಧರ್ಮಯುದ್ಧದ ಸೈನಿಕರು ಕಾನ್‌ಸ್ಟಾಂಟಿನೋಪಲನ್ನು ಸೂರೆಗೈಯದಿದ್ದರೆ ಎಂದು ಕೇಳಿ ನೋಡಿ. ಇಲ್ಲಿ ಅಳಿಸಬೇಕಾದದ್ದು ಬೇರೆಯವರ ವಿಶ್ವಾಸವನ್ನಲ್ಲ, ನಮ್ಮವರ ಪಾಪವನ್ನು. ನಗರದ ಬೆನ್ನೆಲುಬನ್ನು ಮುರಿದವರು ಶಿಲುಬೆ ಹೊತ್ತ ಲ್ಯಾಟಿನ್ ಕ್ರೈಸ್ತರು. 1261ರವರೆಗೆ ಅಲ್ಲಿ ಆಳಿದವರೂ ಅವರೇ. 2001ರಲ್ಲಿ ಅಥೆನ್ಸಿನಲ್ಲಿ ಎರಡನೆಯ ಜಾನ್ ಪೌಲರು ಆ ಸೂರೆಯನ್ನು ಹೆಸರಿಸಿ ದೇವರ ಕ್ಷಮೆಯನ್ನು ಬೇಡಿದರು. ಆ ಪ್ರಾರ್ಥನೆಯೊಳಗೆ 'ಹಾಗೆ ಮಾಡದಿದ್ದರೆ' ಎಂಬುದು ಅಡಗಿದೆ. ಬೇರೆ ದಾರಿ ಇತ್ತೆಂದು ಒಪ್ಪದೆ ಪಶ್ಚಾತ್ತಾಪಪಡುವುದು ಸಾಧ್ಯವಿಲ್ಲ. ಪಾಪನಿವೇದನೆಗೆ ಕೂತು ಕೇಳುವ ಪ್ರತಿಯೊಬ್ಬ ಗುರುವೂ ಇದನ್ನು ಬಲ್ಲ. 'ಅವನು ಇಲ್ಲದಿದ್ದರೆ' ಎನ್ನುವವನ ಮಾತೇ ಬೇರೆ, 'ನಾನು ಹಾಗೆ ಮಾಡದಿದ್ದರೆ' ಎನ್ನುವವನ ಮಾತೇ ಬೇರೆ.

ಕನ್ನಡದಲ್ಲಿ ಈ ಭೇದವನ್ನು ಚೆನ್ನಾಗಿ ಕಂಡವರು ಗಿರೀಶ ಕಾರ್ನಾಡರು. 2018ರ 'ರಾಕ್ಷಸ ತಂಗಡಿ' ನಾಟಕದಲ್ಲಿ ಅವರು ಚರಿತ್ರೆಯನ್ನು ಬದಲಿಸಲು ಹೋಗುವುದಿಲ್ಲ. ರಾಮರಾಯನ ಹಮ್ಮನ್ನೂ, ಕಲ್ಯಾಣದ ಮೇಲಿನ ಅವನ ಹಂಬಲವನ್ನೂ ನಮ್ಮೆದುರು ತಂದು ನಿಲ್ಲಿಸುತ್ತಾರೆ. ಸಭೆಗಳಲ್ಲಿ ಕೇಳುವ 'ಗೆದ್ದಿದ್ದರೆ' ಎಂಬ ಪ್ರಶ್ನೆಯು ಸುಲ್ತಾನರನ್ನು ಅಳಿಸಬಯಸುತ್ತದೆ. ಇಮ್ಮಡಿ ದೇವರಾಯನು ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲಾಳುಗಳನ್ನು ಸೇರಿಸಿಕೊಂಡದ್ದನ್ನೂ, ಬಿಜಾಪುರದ ಅಲಿ ಆದಿಲ್ ಶಾಹನು ಪುತ್ರಶೋಕದಲ್ಲಿದ್ದ ರಾಮರಾಯನನ್ನು ಸಂತೈಸಲು ವಿಜಯನಗರಕ್ಕೆ ಬಂದನೆಂದು ಫಿರಿಶ್ತಾ ಬರೆದಿರುವುದನ್ನೂ ಅದು ಮರೆಯುತ್ತದೆ. ಸೋಲಿನ ನಂತರವೂ ಅರವೀಡು ಮನೆತನವು ಪೆನುಕೊಂಡೆ, ಚಂದ್ರಗಿರಿಗಳಿಂದ ಆಳಿದ್ದು ಆ ಪ್ರಶ್ನೆಗೆ ಬೇಕಿಲ್ಲ. 1537ರಲ್ಲಿ ಕೆಂಪೇಗೌಡನು ಕಟ್ಟಿದ ಬೆಂಗಳೂರು ವಿಜಯನಗರದೊಂದಿಗೆ ಬೀಳಲಿಲ್ಲ. ಹಾಗೆಯೇ 1454ರ ಜನವರಿಯಲ್ಲಿ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ ಪೀಠದಲ್ಲಿ ಗೆನ್ನಾಡಿಯೋಸ್ ಕುಳಿತಿದ್ದರು.

ನಮ್ಮ ಭಾಷೆಯೂ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ 'ಪರಲೋಕರಾಜ್ಯ' ಎಂದಿದ್ದುದು ಈಚಿನ ಅನುವಾದದಲ್ಲಿ 'ಸ್ವರ್ಗಸಾಮ್ರಾಜ್ಯ'ವಾಯಿತು. ಕೇಳಲು ಗಂಭೀರವಾದ ಪದ. ಆದರೆ ವಿಜಯನಗರವೂ ಸಾಮ್ರಾಜ್ಯ, ಬೈಜಾಂಟಿಯಮ್ಮೂ ಸಾಮ್ರಾಜ್ಯ. ಪರ್ವತಪ್ರಸಂಗವನ್ನು ಕೇಳುತ್ತ ಕುಳಿತ ವಿಶ್ವಾಸಿಯ ಕಣ್ಣಮುಂದೆ ಕೋಟೆಕೊತ್ತಲಗಳು ಎದ್ದರೆ ತಪ್ಪು ಅವನದಲ್ಲ. ಕೈಸರೇಯದ ಯೂಸೇಬಿಯಸ್ಸರ ಕಣ್ಣಮುಂದೆಯೂ ಅವೇ ಎದ್ದವು. ಕಾನ್‌ಸ್ಟಂಟೈನನ ಆಳ್ವಿಕೆಯಲ್ಲಿ ಅವರು ಸ್ವರ್ಗದ ಪ್ರತಿಬಿಂಬವನ್ನು ಕಂಡರು. 410ರಲ್ಲಿ ರೋಮ್ ಸೂರೆಹೋದ ಮೇಲೆ ಆ ಕನ್ನಡಿಯನ್ನು ಒಡೆದವರು ಸಂತ ಅಗಸ್ಟೀನರು. ಇನ್ನು ಪೂರ್ವದ ಸಿರಿಯನ್ ಧರ್ಮಸಭೆಯಂತೂ ತನ್ನದೆನ್ನುವ ಸಾಮ್ರಾಟನನ್ನೇ ಹೊಂದಿರಲಿಲ್ಲ. ಪರ್ಷಿಯದ ಷಾಗಳ ಕೈಕೆಳಗೆ, ಅನಂತರ ಖಲೀಫರ ಕೈಕೆಳಗೆ ಬಾಳುತ್ತಲೇ ಅದು 635ರಲ್ಲಿ ಚೀನಾದ ರಾಜಧಾನಿಯನ್ನು ಮುಟ್ಟಿತು. ನಮ್ಮ ನೆರೆಯ ಮಲಬಾರಿನ ತೋಮಾ ಕ್ರೈಸ್ತರಿಗೆ ಧರ್ಮಾಧ್ಯಕ್ಷರನ್ನು ಕಳುಹಿಸಿತು. 1599ರ ಉದಯಂಪೇರೂರು ಸಭೆಯಲ್ಲಿ ಆ ಸಂಬಂಧವನ್ನು ಕಡಿದದ್ದು ಯಾವ ಸುಲ್ತಾನನೂ ಅಲ್ಲ, ಪೋರ್ಚುಗೀಸರ ಆಶ್ರಯದಲ್ಲಿದ್ದ ಗೋವೆಯ ಮಹಾಧರ್ಮಾಧ್ಯಕ್ಷರು. ಇಷ್ಟನ್ನು ಕಂಡ ಮೇಲೂ 'ಸಾಮ್ರಾಜ್ಯ ಉಳಿದಿದ್ದರೆ ಧರ್ಮಸಭೆ ಉಳಿಯುತ್ತಿತ್ತು' ಎನ್ನುವ ಗುರುವಿದ್ಯಾರ್ಥಿಯನ್ನು, ಯಾವ ಧರ್ಮಸಭೆ ಎಂದು ಮರಳಿ ಕೇಳಬೇಕಾಗುತ್ತದೆ.

ಈ ಎರಡು ನಗರಗಳ ಕಥೆಯನ್ನು ಒಂದೇ ಮನೆಯಲ್ಲಿ ಕೂಡಿಸಿದವನು ವೆನಿಸಿನ ನಿಕೊಲೊ ಕೊಂಟಿ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡ ಈ ವರ್ತಕನು, ಮರಳಿ ಬರುವ ದಾರಿಯಲ್ಲಿ ಹೆಂಡತಿಮಕ್ಕಳ ಪ್ರಾಣಕ್ಕೆ ಹೆದರಿ ಕ್ರೈಸ್ತ ವಿಶ್ವಾಸವನ್ನು ತ್ಯಜಿಸಿದನು. ಬಳಿಕ ಈಜಿಪ್ಟಿನಲ್ಲಿ ಪ್ಲೇಗಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡನು. ಕ್ಷಮೆ ಬೇಡಲು ಅವನು ಹೋದದ್ದು ಪೋಪ್ ನಾಲ್ಕನೆಯ ಯುಜೀನಿಯಸ್ಸರ ಬಳಿಗೆ. 1439ರ ಜುಲೈ 6ರಂದು ಫ್ಲಾರೆನ್ಸಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಧರ್ಮಸಭೆಗಳ ಐಕ್ಯವನ್ನು ಘೋಷಿಸಿದ ಪೋಪರೇ ಅವರು. ಎಫೆಸದ ಮಾರ್ಕರು ಸಹಿ ಹಾಕದ, ಮುಂದೆ ನಿಲ್ಲದೇ ಹೋದ ಆ ಐಕ್ಯವು ನಿಂತಿದ್ದರೆ ನಗರ ಉಳಿಯುತ್ತಿತ್ತೆಂದು ಇಂದಿಗೂ ಹೇಳುವವರಿದ್ದಾರೆ. ರಾಮುಸಿಯೊ ಹೇಳುವಂತೆ, ಅವರು ಕೊಂಟಿಗೆ ವಿಧಿಸಿದ ಪ್ರಾಯಶ್ಚಿತ್ತ ಇಷ್ಟೆ: ತನ್ನ ಕಾರ್ಯದರ್ಶಿ ಪೊಜ್ಜಿಯೊವಿನ ಎದುರು ಕುಳಿತು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಪೊಜ್ಜಿಯೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡು, ಅದೃಷ್ಟದ ಏರಿಳಿತಗಳನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗವಾಗಿ ಸೇರಿಸಿದನು.